ಮಾವನಿಗೆ ಬಾರದ ದೀರ್ಘ

ತಪ್ಪು ಕಂಡರೆ ನಮ್ಮ ಅತ್ತೆಗೆ ಕೈ ತುರಿಸುತ್ತದೆ. ಇಪ್ಪತ್ತಾರು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಔಷಧಿ ಚೀಟಿ, ಅಂಗಡಿ ಬೋರ್ಡು, ಯಾವುದನ್ನೂ ಬಿಟ್ಟವಳಲ್ಲ. ನಾನು ಬರೆದ ಪ್ರೇಮಪತ್ರ ಅವಳ ಕೈಗೆ ಸಿಕ್ಕಿದಾಗ ಬೈಯಲೂ ಇಲ್ಲ, ಮೂರು ಒತ್ತಕ್ಷರ ತಿದ್ದಿ ವಾಪಸು ಕೊಟ್ಟಳು.

ಅದೇ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವರು ಮಾವ. ಅವರಿಗೆ ಬಾರದಿರುವುದು ಒಂದೇ, ದೀರ್ಘ. ‘ಇದ್ದೇನೆ’ ಎಂದು ಜೋಡಿಸಬೇಕಾದಲ್ಲಿ ‘ಇದ್ದೆನೆ’ ಎಂದೇ ಜೋಡಿಸುತ್ತಾರೆ. ದೀರ್ಘದ ಮೊಳೆ ಇರುವುದು ಪೆಟ್ಟಿಗೆಯ ತುದಿಯ ಗೂಡಿನಲ್ಲಿ, ಅಲ್ಲಿಯವರೆಗೆ ಕೈ ಚಾಚಲು ಸೋಮಾರಿತನ ಎಂದು ಅತ್ತೆ ಹಂಗಿಸುತ್ತಿದ್ದಳು. ಕೈಯಲ್ಲಿ ಬರೆದರೂ ಅದೇ ತಪ್ಪು. ಅದಕ್ಕೆ ಯಾವ ಗೂಡಿನ ನೆಪವೂ ಇಲ್ಲ.

ಆಗ ನಮ್ಮೂರಿನಲ್ಲಿ ಜನ ಕಾಣೆಯಾಗುತ್ತಿದ್ದರು. ಬೂದು ಬಣ್ಣದ ವ್ಯಾನೊಂದು ಬಂದು ಕರೆದೊಯ್ಯುತ್ತಿತ್ತು. ಮನೆಯವರು ಹೋಗಿ ಕೇಳಿದರೆ, ಅಂಥ ವ್ಯಾನೇ ತಮ್ಮಲ್ಲಿಲ್ಲ ಎಂದು ಸರ್ಕಾರಿ ಕಚೇರಿಯವರು ಹೇಳುತ್ತಿದ್ದರು. ಅದುವರೆಗೆ ಎಣ್ಣೆ ಸೀಗೆಕಾಯಿಯಂತಿದ್ದ ಮೂರು ಧರ್ಮಗಳ ಹಿರಿಯರು ಒಂದೇ ಬೆಂಚಿನಲ್ಲಿ ಕೂತು ಕರಪತ್ರ ಬರೆದರು. ಯಾರನ್ನು ಒಯ್ದಿದ್ದೀರಿ, ಎಲ್ಲಿಟ್ಟಿದ್ದೀರಿ, ಯಾವ ಕಾನೂನಿನಲ್ಲಿ ಎಂದು ಕೇಳುವ ಕರಪತ್ರ. ಅದನ್ನು ಮಾವ ಜೋಡಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ ವ್ಯಾನು ಅಚ್ಚುಕೂಟದ ಮುಂದೆಯೇ ನಿಂತಿತು.

ಆಮೇಲೆ ಪ್ರತಿ ಶನಿವಾರ ನಾಲ್ಕು ಗಂಟೆಗೆ, ಆ ಹಿರಿಯರಲ್ಲೊಬ್ಬರ ಪ್ರಾರ್ಥನಾ ಮಂದಿರದಲ್ಲಿ ಮೂರೂ ಕಡೆಯ ಜನ ಸೇರತೊಡಗಿದರು. ಕಾಣೆಯಾದ ನಲವತ್ತೊಂದು ಜನರ ಹೆಸರು ಓದುವುದು, ಒಂದೊಂದು ಹೆಸರಿಗೂ ಆ ಮನೆಯವರು ‘ಇದ್ದಾರೆ’ ಎನ್ನುವುದು. ಯಾರ ಹೆಸರನ್ನೂ ಕೆಡಿಸುವುದಿಲ್ಲ ಎಂಬ ನಂಬಿಕೆಯಿಂದ ಓದುವ ಕೆಲಸ ಅತ್ತೆಗೆ ಕೊಟ್ಟರು. ಮಂದಿರದ ಹಿಂಗೋಡೆಗೆ ಅಂಟಿಕೊಂಡೇ ಹಳೆಯ ಐಸ್ ಫ್ಯಾಕ್ಟರಿ ಇತ್ತು. ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಆ ಗೋಡೆ ಬೇಸಿಗೆಯಲ್ಲೂ ಬೆವರುತ್ತಿತ್ತು. ಉತ್ತರಗಳನ್ನು ಎಣಿಸಿದರೆ ಕೆಲವು ವಾರ ನಲವತ್ತೆರಡಾಗುತ್ತವೆ ಎಂದು ಅತ್ತೆ ಒಮ್ಮೆ ಹೇಳಿದಳು. ವಯಸ್ಸಾಯಿತು ನಿನಗೆ ಎಂದು ನಾನು ನಕ್ಕೆ. ಆ ನಗುವಿಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ಮೂರು ವರ್ಷದ ನಂತರ ಕಚೇರಿಯಿಂದ ಕಾಗದ ಬಂತು. ‘ನಿಮ್ಮ ಪತಿ ಈ ಊರಿನ ನಿವಾಸಿಯಾಗಿದ್ದರು’ ಎಂದಿತ್ತು. ಸಹಿ ಹಾಕಿದರೆ ಮರಣಪತ್ರ ಸಿಗುತ್ತದೆ, ಹಾಕದಿದ್ದರೂ ತಿಂಗಳೊಳಗೆ ಕೋರ್ಟಿನಲ್ಲಿ ಎಲ್ಲ ನಲವತ್ತೊಂದು ಕಡತಗಳೂ ಮುಚ್ಚುತ್ತವೆ. ಕಡತ ಮುಚ್ಚಿದ ಮೇಲೆ ಹುಡುಕಿ ಎಂದು ಕೇಳುವ ಹಕ್ಕೂ ಉಳಿಯುವುದಿಲ್ಲ. ಅತ್ತೆ ‘ಇದ್ದರು’ ಎಂಬುದನ್ನು ಕೆಂಪು ಪೆನ್ಸಿಲಿನಿಂದ ಹೊಡೆದು, ‘ಇದ್ದಾರೆ’ ಎಂದು ತಿದ್ದಿ ಕಳಿಸಿಬಿಟ್ಟಳು.

ಆ ಶನಿವಾರ ಅವಳಿಗೆ ಗಂಟಲು ಕಟ್ಟಿತ್ತು. ಮೂವತ್ತೇಳನೆಯದು ಮಾವನ ಹೆಸರು. ಅದನ್ನೇನೋ ಓದಿದಳು, ಉತ್ತರ ಹೇಳಲು ದನಿ ಹೊರಡಲಿಲ್ಲ. ಅದು ಅವಳ ಉತ್ತರವೆಂದು ಬೇರೆಯವರೂ ಸುಮ್ಮನಿದ್ದರು. ಆಗ ಹಿಂಗೋಡೆಯ ಬುಡದಿಂದ, ನೆಲದ ಮಟ್ಟದಿಂದ, ಒಂದು ದನಿ ಬಂತು.

“ಇದ್ದೀನಿ.”

ಮೂವರು ಹಿರಿಯರಲ್ಲಿ ಕಿವಿ ಮಂದವಾಗಿದ್ದ ಹಿರಿಯಮ್ಮ ಕೂಡ ಗೋಡೆಯತ್ತ ತಿರುಗಿದರು. ಇನ್ನೊಬ್ಬ ಹಿರಿಯರು ಮಂಡಿಯೂರಿ ಗೋಡೆಗೆ ಕಿವಿ ಕೊಟ್ಟರು, ಬಹಳ ಹೊತ್ತು ಕೊಟ್ಟರು. ಮತ್ತೇನೂ ಕೇಳಲಿಲ್ಲ. ಅತ್ತೆ ಉಳಿದ ನಾಲ್ಕು ಹೆಸರನ್ನು ಪಿಸುಮಾತಿನಲ್ಲೇ ಓದಿ ಮುಗಿಸಿದಳು.

ಮೂವರು ಹಿರಿಯರೂ ತಮ್ಮ ತಮ್ಮ ಗ್ರಂಥ ಮುಟ್ಟಿ ಕೋರ್ಟಿಗೆ ಅಫಿಡವಿಟ್ ಕೊಟ್ಟರು. ಫ್ಯಾಕ್ಟರಿ ತೆರೆಯಲು ಆಜ್ಞೆಯಾಗಿ ಬೀಗ ಒಡೆಯುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಒಳಗೆ ಯಾರೂ ಇರಲಿಲ್ಲ. ನಲ್ಲಿಗಳೆಲ್ಲ ತುಕ್ಕು ಹಿಡಿದು ಒಣಗಿದ್ದವು, ನೆಲ ಮಾತ್ರ ಈಗಷ್ಟೇ ತೊಳೆದಂತೆ ಒದ್ದೆಯಾಗಿತ್ತು. ನಮ್ಮ ಮಂದಿರದ ಕಡೆಯ ಗೋಡೆಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಉಗುರಿನಿಂದಲೋ ಮೊಳೆಯಿಂದಲೋ ಕೆತ್ತಿದ ಒಂದು ಪದವಿತ್ತು. ‘ಇದ್ದೆನೆ’. ಸುಣ್ಣದ ಪುಡಿ ಇನ್ನೂ ಕೆಳಗೆ ಬಿದ್ದಿತ್ತು. ಅತ್ತೆಯ ಕೈ ಅಭ್ಯಾಸಬಲದಿಂದ ಪೆನ್ಸಿಲಿಗೆ ಹೋಯಿತು, ಹೋದ ಕೈ ಹಾಗೇ ನಿಂತಿತು.

ಸರ್ಕಾರದ ವಕೀಲರು ಬುದ್ಧಿವಂತರು. ‘ಇದ್ದೆ’ ಎಂದರೆ ಆಗಿಹೋದ ಮಾತು, ಕೊನೆಯ ಅಕ್ಷರ ಕೈತಪ್ಪಿನದು, ಆ ಮನುಷ್ಯ ಈಗಿಲ್ಲವೆಂದು ಗೋಡೆಯೇ ಹೇಳುತ್ತಿದೆ ಎಂದು ವಾದಿಸಿದರು. ಅತ್ತೆ ಕೈಚೀಲದಿಂದ ಹಳೆಯ ಕರಡುಗಳ ಕಟ್ಟು ತೆಗೆದಳು. ಹಾಳೆ ಹಾಳೆಯಲ್ಲೂ ‘ಇದ್ದೆನೆ’, ಪಕ್ಕದಲ್ಲಿ ಅವಳದೇ ಕೆಂಪು ಗುರುತು.

“ಸ್ವಾಮಿ, ನಮ್ಮನೆಯವರಿಗೆ ದೀರ್ಘ ಬರಲ್ಲ. ಅಂಥ ಸೋಮಾರಿ ಮನುಷ್ಯ. ‘ಇದ್ದೆ’ ಅನ್ನೋದೇ ಆಗಿದ್ರೆ ಅಲ್ಲಿಗೇ ನಿಲ್ಲಿಸ್ತಿದ್ರು. ಕತ್ತಲಲ್ಲಿ ಕೂತು ಇನ್ನೊಂದು ಅಕ್ಷರ ಯಾಕೆ ಕೆತ್ತುತ್ತಿದ್ರು?”

ನ್ಯಾಯಾಧೀಶರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಎಲ್ಲ ಹಾಳೆಗಳನ್ನೂ ನೋಡಿದರು. ನಲವತ್ತೊಂದರಲ್ಲಿ ಒಂದು ಕಡತವನ್ನೂ ಮುಚ್ಚಕೂಡದೆಂದು ಬರೆಸಿದರು.

ಮಾವ ಇನ್ನೂ ಸಿಕ್ಕಿಲ್ಲ. ಫ್ಯಾಕ್ಟರಿಯ ಕೀಲಿ ಈಗ ಕೋರ್ಟಿನಲ್ಲಿದೆ. ಶನಿವಾರ ಮೂವತ್ತೇಳನೆಯ ಹೆಸರು ಓದಿದ ಮೇಲೆ ಅತ್ತೆ ತಾನಾಗಿ ಉತ್ತರ ಹೇಳದೆ ಒಂದು ಗಳಿಗೆ ಕಾಯುತ್ತಾಳೆ. ಎಲ್ಲರೂ ಗೋಡೆ ನೋಡುತ್ತಾರೆ. ಕೇಳಿಸಿಬಿಟ್ಟರೆ ಎಂದು ನನಗೆ ಹೆದರಿಕೆ, ಕೇಳಿಸದಿದ್ದರೆ ಅದಕ್ಕಿಂತ ಹೆದರಿಕೆ.

ಇದನ್ನು ಬರೆದು ಮೊನ್ನೆ ಅವಳಿಗೆ ಓದಲು ಕೊಟ್ಟೆ. ಮಾವನಿಗೆ ‘ಬಾರದೇ ಇದ್ದದ್ದು ಒಂದೇ’ ಎಂದು ಮೊದಲಲ್ಲೇ ಬರೆದಿದ್ದೆ, ‘ಜೋಡಿಸುತ್ತಿದ್ದರು’ ಎಂದೂ ಬರೆದಿದ್ದೆ. ಎರಡನ್ನೂ ಹೊಡೆದು ‘ಬಾರದಿರುವುದು’, ‘ಜೋಡಿಸುತ್ತಾರೆ’ ಎಂದು ತಿದ್ದಿದ್ದಾಳೆ. ‘ಇದ್ದೆನೆ’ ಇರುವ ಕಡೆ ಎಲ್ಲೂ ಪೆನ್ಸಿಲು ಮುಟ್ಟಿಸಿಲ್ಲ.