ಬೇರೆ ದೇಶಕ್ಕೆಂದು ಮಾಡಿದ ಕ್ಯಾಮೆರಾ

ಅಧಿಕೃತ ಆಮದುದಾರರ ಕಣ್ಣು ತಪ್ಪಿಸಿ ತಂದ ಕ್ಯಾಮೆರಾವನ್ನು ‘ಕಂಪನಿ ವಾರಂಟಿ ಇದೆ’ ಎಂದು ಮಾರಿದ ಅಂಗಡಿಯವರು ಮೋಸ ಮಾಡಿದ್ದಾರೆ; ದುಡ್ಡು ಕೊಡುತ್ತೇವೆಂದರೂ ಅದನ್ನು ದುರಸ್ತಿ ಮಾಡದ ಕಂಪನಿ ಕೈತೊಳೆದುಕೊಂಡಿದೆ. ಅದನ್ನು ಕೊಂಡವರು ಮದುವೆ ಫೋಟೋ ತೆಗೆಯುವ ಸಿದ್ದಾಪುರದ ಒಬ್ಬ ಮಹಿಳೆ.

ಫೋಟೋ ತೆಗೆಯುವಾಗ ಅವರು ಎಡಗೈಯಿಂದ ಗಾಳಿಯಲ್ಲೇ ಜನರನ್ನು ಹತ್ತಿರ ಸರಿಸುತ್ತ, “ಹೆದ್ರಡಿ, ಚಂದ ಬತ್ತು” ಎನ್ನುತ್ತಿದ್ದರು. ನಮ್ಮ ಕಡೆ ಹೆಣ್ಣಿನವರು, ಗಂಡಿನವರು ಬೇರೆ ಬೇರೆ ಫೋಟೋದವರನ್ನು ಕರೆತರುತ್ತಾರೆ. ಮಂಟಪದೆದುರು ಇಬ್ಬರ ಮೊಣಕೈ ಜಗಳ ಇದ್ದದ್ದೇ. ಹೇರೂರಿನಲ್ಲಿ ನನ್ನ ಅಕ್ಕನ ಧಾರೆಯ ಹೊತ್ತಿಗೆ, ನಮ್ಮ ಕಡೆಯಿಂದ ಬಂದಿದ್ದ ಇವರ ಆ ಹೊಸ ಕ್ಯಾಮೆರಾ ನಿಂತುಹೋಯಿತು. ಗಂಡಿನ ಕಡೆಯ ಫೋಟೋದವರು ತಮ್ಮ ಎರಡನೇ ಕ್ಯಾಮೆರಾ ಚಾಚಿದರು: “ತಗ ತಂಗಿ, ಧಾರೆ ಕಾಯ್ತಿಲ್ಲೆ. ಜಗಳ ಊಟ ಆದ್ಮೇಲೆ ಮಾಡನ.”

ಹುಬ್ಬಳ್ಳಿಯ ಸೇವಾಕೇಂದ್ರಕ್ಕೆ ಅವರೊಡನೆ ನಾನೂ ಹೋಗಿದ್ದೆ.

“ಇದು ಬ್ಯಾರೆ ದೇಶಕ್ಕಂತ ಮಾಡಿದ್ದರಿ, ನಾವು ಮುಟ್ಟೂ ಹಂಗಿಲ್ಲ” ಎಂದ ಅಲ್ಲಿನ ನೌಕರ.

“ಊರಿಗೆಲ್ಲ ಪಾಸ್‌ಪೋರ್ಟ್ ಫೋಟೋ ತೆಗೆದವಳು ನಾನು, ಇದಕ್ಕೂ ಒಂದು ತೆಗೀಲಾ ಸರ್?”

ಅವನಿಗೂ ನಗು ಬಂತು. ಕ್ಯಾಮೆರಾ ಮಾತ್ರ ಹಾಗೇ ಮರಳಿತು.

ಆ ಮದುವೆ ಹಂಗಾಮನ್ನು ಅವರು ಎರವಲು ಕ್ಯಾಮೆರಾದಲ್ಲೇ ದಾಟಿದರು. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಫೋಟೋದವರು ಒಟ್ಟಾಗಿದ್ದಾರೆ. ಕೊಳ್ಳುವ ಮೊದಲೇ ಕಂಪನಿಗೆ ಕ್ಯಾಮೆರಾದ ನಂಬರ್ ಹೇಳಿ ವಾರಂಟಿ ವಿಚಾರಿಸುತ್ತಾರೆ.

ಎಚ್ಚರ ಅವರದಾಯಿತು, ಹೊಣೆ ಅಂಗಡಿಯವರದು, ಕಂಪನಿಯದು. ಅಂಗಡಿಯವರು ಆ ಕ್ಯಾಮೆರಾ ಹಿಂಪಡೆದು ವಾರಂಟಿಯುಳ್ಳ ಬದಲಿಯನ್ನು ಕೊಡಬೇಕು. ಶುಲ್ಕ ಪಡೆದಾದರೂ ಇಂಥವನ್ನು ಏಕೆ ದುರಸ್ತಿ ಮಾಡುವುದಿಲ್ಲವೆಂದು ಕಂಪನಿ ಲಿಖಿತವಾಗಿ ಉತ್ತರಿಸಬೇಕೆಂದು ಆಗ್ರಹಪೂರ್ವಕವಾಗಿ ವಿನಂತಿಸುತ್ತೇನೆ.