ಕೆಜಿ ಲೆಕ್ಕದಲ್ಲಿ ಎಂಜಿನ್ ಬಿಸಿ

ಬೆಳಗ್ಗೆ ಏಳೂಮುಕ್ಕಾಲಿಗೆ ಗುಜರಿ ಕಬ್ಬಿಣ ತುಂಬಿದ ಲಾರಿಯೊಂದು ಗೇಟು ದಾಟಿ ಬಂದು, ಲಾರಿ ತೂಗುವ ವೇಬ್ರಿಡ್ಜಿನ ಉಕ್ಕಿನ ಹಲಗೆಗೆ ಎರಡು ಮಾರು ದೂರದಲ್ಲಿ ನಿಂತಿತು. ನಿಲ್ಲಲೇಬೇಕು. ಕಿಟಕಿಯ ಒಳಗೆ ಕೂತ ತೂಕದವರು ಕೈ ಎತ್ತಿದ್ದರು. ಅವರು ಮೊದಲು ಖಾಲಿ ಹಲಗೆಯನ್ನು ನೋಡಿದರು, ಆಮೇಲೆ ಎದುರಿಗಿದ್ದ ಪೆಟ್ಟಿಗೆಯ ಕೆಂಪು ಅಂಕಿಗಳನ್ನು. ನಲವತ್ತು ಕೆಜಿ ಎಂದಿತ್ತು. ಹಿಂದಿನ ಲಾರಿ ಉದುರಿಸಿ ಹೋದ ಜಲ್ಲಿಪುಡಿ ಮತ್ತು ಟೈರುಗಳು ತಂದ ಕೆಸರಿನ ತೂಕ ಅದು. ಬಲಗೈ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿದರು. ನಲವತ್ತು ಹೋಗಿ ಸೊನ್ನೆ ಬಂತು. ಆಗ ಎತ್ತಿದ ಕೈ ಇಳಿಯಿತು.

"ಬಾ ಈಗ."

ಲಾರಿ ಹಲಗೆ ಹತ್ತಿತು. ಡ್ರೈವರ್ ಮಾತ್ರ ಸೀಟು ಬಿಟ್ಟು ಕದಲಲಿಲ್ಲ.

"ಇಳಿಯಪ್ಪಾ ಕೆಳಗೆ."

"ನಾನೆಷ್ಟಿದೀನಿ ಜೀರೋ ಮಾಮ, ಐವತ್ತೆಂಟು ಕೆಜಿ. ಇಷ್ಟು ಕಬ್ಬಿಣದಲ್ಲಿ ನಾನೊಬ್ಬ ಭಾರ ಆಗ್ತೀನಾ?"

"ಹೋದ ವಾರ ಐವತ್ತಾರು ಅಂದಿದ್ದೆ. ಇಳಿ."

ಡ್ರೈವರ್ ಇಳಿದ. ಚೀಟಿ ಅಚ್ಚಾಗಿ ಹೊರಬಂತು. ಇಪ್ಪತ್ತೆರಡು ವರ್ಷಗಳಿಂದ ಆ ಕಿಟಕಿಯಲ್ಲಿ ನಡೆಯುತ್ತಿರುವುದು ಇದೇ. ಮೊದಲು ಸೊನ್ನೆ, ಆಮೇಲೆ ಲಾರಿ. ಸೊನ್ನೆ ಕಾಣದೆ ಹಲಗೆ ಹತ್ತಿದ ಲಾರಿಯನ್ನು, ಅದು ಯಾರದೇ ಇರಲಿ, ಅವರು ಹಿಂದಕ್ಕೆ ಕಳಿಸಿದ್ದಾರೆ. ಡ್ರೈವರುಗಳು 'ಜೀರೋ ಮಾಮ' ಎಂದು ಹೆಸರಿಟ್ಟದ್ದು ಗೇಲಿಗೆ. ಮಾಮ ಅದನ್ನು ಬಿರುದು ಎಂದುಕೊಂಡಿದ್ದಾರೆ. ಒಂದು ಚಕ್ರವನ್ನು ಹಲಗೆಯಿಂದ ಆಚೆ ಇಟ್ಟು ತೂಗಿಸುವವರು, ಸೀಟಿನ ಕೆಳಗೆ ನೀರಿನ ಡಬ್ಬ ಬಚ್ಚಿಡುವವರು, ಎಲ್ಲರನ್ನೂ ಅವರು ಹಿಡಿದಿದ್ದಾರೆ. ಮನುಷ್ಯರನ್ನು ನಂಬಬಾರದು, ಕೆಂಪು ಅಂಕಿಯನ್ನು ನಂಬಬೇಕು ಎಂಬುದು ಅವರ ಗಟ್ಟಿ ಅಭಿಪ್ರಾಯ. ನಂಬಬಾರದ ಮನುಷ್ಯರ ಪಟ್ಟಿಯಲ್ಲಿ ತಮ್ಮ ಹೆಸರು ಬರೆದುಕೊಳ್ಳುವುದನ್ನು ಮಾತ್ರ ಮರೆತಿದ್ದರು.

ಲಾರಿ ಹೋದ ಮೇಲೆ ಮಾಮ ಫೋನು ತೆಗೆದು ಹೆಂಡತಿಗೆ ಕರೆ ಮಾಡಿದರು.

"ಹೊರಟ್ಯಾ? ಕಾರಿನ ಕೂಲಂಟ್ ಬಿಸಿ ಎಷ್ಟಿದೆ?"

"ರೀ, ನಾನು ಪೇಷಂಟ್ ಮನೇಲಿದೀನಿ. ನನ್ನ ಕೈಯಲ್ಲಿ ಒಬ್ಬರ ಮೊಣಕಾಲಿದೆ."

"ಬರೋವಾಗ ಎಷ್ಟಿತ್ತು ಅಂದೆ."

"ಇತ್ತು. ಇಡ್ತೀನಿ."

ಕಾರು ಹೆಂಡತಿಯದು. ಒಂಬತ್ತು ವರ್ಷ ಹಳೆಯ ಬೂದು ಬಣ್ಣದ ಸಣ್ಣ ಪೆಟ್ರೋಲ್ ಕಾರು. ಆಕೆ ಫಿಸಿಯೊಥೆರಪಿಸ್ಟ್, ಮೂಳೆ ಮುರಿದು ಮಲಗಿದವರ ಮನೆಗಳಿಗೆ ಹೋಗಿ ಕೈಕಾಲು ಆಡಿಸಿ, ಎಬ್ಬಿಸಿ ನಡೆಸುತ್ತಾರೆ. ದಿನಕ್ಕೆ ಐದು ಮನೆ, ಊರಿನ ಐದು ಮೂಲೆ. ಕಾರಿಲ್ಲದಿದ್ದರೆ ಎರಡೇ ಮನೆ. ವಾರದ ದಿನಗಳಲ್ಲಿ ಕಾರು ಆಕೆಯ ಕೈಯಲ್ಲಿರುತ್ತದೆ, ಭಾನುವಾರ ಮಾಮನ ಕೈಗೆ ಬರುತ್ತದೆ.

ಆ ಕಾರಿಗೆ ಟರ್ಬೊ ಇದೆ. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಅಂಗೈಯಗಲದ ಚಕ್ರ ಅದು. ಮಾಮನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಇಂಥ ಕಾರುಗಳಿಗೆ ಲ್ಯಾಪ್‌ಟಾಪ್ ಜೋಡಿಸಿ, ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಕಂಪನಿಯ ಪ್ರೋಗ್ರಾಂ ಬದಲಿಸಿ, ಆ ಚಕ್ರವನ್ನು ಇನ್ನಷ್ಟು ದುಡಿಸುವ ಕಸುಬಿನವರು. ಅದಕ್ಕೆ ಟ್ಯೂನಿಂಗ್ ಎನ್ನುತ್ತಾರೆ. ದಿನವಿಡೀ ಊರಿನ ಭಾರವನ್ನೆಲ್ಲ ತೂಗಿ, ಒಂದು ಕೆಜಿಯನ್ನೂ ಎತ್ತದೆ ಕೂತಿರುವ ಮನುಷ್ಯನಿಗೆ ಐವತ್ತೊಂದನೇ ವಯಸ್ಸಿನಲ್ಲಿ ತನ್ನ ಕಾರೂ ಟ್ಯೂನ್ ಆಗಬೇಕು ಎನ್ನಿಸಿತು.

ಅಡುಗೆಮನೆಯಲ್ಲಿ ಮಾತುಕತೆ ನಡೆಯಿತು.

"ಕಾರೂ ನಂದು, ತಮ್ಮನೂ ನನ್ನವನು, ಗಂಡನೂ ನನ್ನವರೇ," ಎಂದರು ಹೆಂಡತಿ. "ಕೆಟ್ಟು ನಿಂತರೆ ನಾನು ಯಾರನ್ನ ಬಯ್ಯಲಿ?"

"ಕೆಡಲ್ಲ ಕಣೇ. ಒಂದೊಂದು ಕ್ಷಣದ ಡೇಟಾನೂ ನೋಡ್ತಾ ಇರ್ತೀನಲ್ಲ."

"ಒಂದೇ ಮಾತು ಕೇಳಿ. ಈ ಕಾರಿಂದ ಒಂದು ದಿನ, ಒಬ್ಬ ಪೇಷಂಟ್ ಕಾಯೋ ಹಾಗಾದ್ರೆ, ಕಂಪನಿ ಕೊಟ್ಟ ಹಾಗೆ ವಾಪಸ್ ಮಾಡಿಸಬೇಕು. ಬೀಗದ ಕೈ ನನ್ನ ಬ್ಯಾಗಲ್ಲಿ. ಭಾನುವಾರನೂ."

"ಭಾನುವಾರನೂ?"

"ಭಾನುವಾರನೂ."

ಮಾಮ ಒಪ್ಪಿದರು. ಬಾಮೈದ ಒಂದು ಮಧ್ಯಾಹ್ನ ಪ್ರೋಗ್ರಾಂ ಬದಲಿಸಿಕೊಟ್ಟರು.

ಡೇಟಾ ನೋಡುವ ಕೆಲಸ ಬೆಂಕಿಪೊಟ್ಟಣದ ಗಾತ್ರದ ಒಂದು ಅಡಾಪ್ಟರಿನಿಂದ ಶುರುವಾಯಿತು. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರಿಗೆ ಗೊತ್ತಿರುವುದೆಲ್ಲ ಫೋನಿನ ಪರದೆಗೆ ಬರುತ್ತದೆ. ಇಷ್ಟು ಅಗ್ಗದಲ್ಲಿ ಇದಕ್ಕಿಂತ ಉಪಯೋಗದ ವಸ್ತು ಇಲ್ಲ, ಹದವರಿತು ಬಳಸಿದರೆ. ಮಾಮ ಪರದೆಯ ಮೇಲೆ ಹದಿನಾಲ್ಕು ಮೀಟರುಗಳ ಮುಳ್ಳುಗಳನ್ನು ಜೋಡಿಸಿದರು. ಮುಳ್ಳುಗಳು ನಾಲ್ಕು ಸೆಕೆಂಡಿಗೊಮ್ಮೆ ಅಲುಗಿದವು. ಕಾರು ವೃತ್ತ ದಾಟಿ ಸಿಗ್ನಲ್ಲಿನಲ್ಲಿ ನಿಂತ ಮೇಲೆ ಫೋನು ವೃತ್ತದ ಸುದ್ದಿ ಹೇಳುತ್ತಿತ್ತು.

"ಭಾವ, ಹದಿನಾಲ್ಕು ಜನ ಒಂದೇ ಬಾಗಿಲಲ್ಲಿ ನುಗ್ತಾ ಇದಾರೆ," ಎಂದರು ಬಾಮೈದ. "ಮೂರು ಇಟ್ಕೊಳ್ಳಿ ಸಾಕು. ಟರ್ಬೊ ಒತ್ತಡ, ಒಳಗೆ ಹೋಗೋ ಗಾಳಿ ಬಿಸಿ, ಎಂಜಿನ್ ತಣಿಸೋ ಕೂಲಂಟ್ ಬಿಸಿ."

"ಹನ್ನೊಂದು ಬಿಟ್ಟುಬಿಡ್ಲಾ?"

"ಬಿಡಿ. ಅವೇನು ಅಳಲ್ಲ."

ಮೂರೇ ಇಟ್ಟ ಮೇಲೆ ಮುಳ್ಳುಗಳು ಚುರುಕಾದವು. ಆದರೆ ಇಂಥ ಕಾರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಾಲ್ಕನೆಯದು: ಎಂಜಿನ್ನಿನಿಂದ ಹೊರಬೀಳುವ ಹೊಗೆಯ ಬಿಸಿ. ಏರುದಾರಿಯಲ್ಲಿ ಒಂದೇ ಸಮ ಒತ್ತಿ ಓಡಿಸಿದರೆ ಅದು ಏರುತ್ತಾ ಹೋಗುತ್ತದೆ. ಒಂಬೈನೂರು ಡಿಗ್ರಿ ದಾಟಿದರೆ ಕಾಲು ಎತ್ತಬೇಕು, ಇಲ್ಲವಾದರೆ ಒಳಗಿನ ಲೋಹ ಸುಡುತ್ತದೆ ಎಂದು ಬಾಮೈದ ಎರಡು ಸಲ ಹೇಳಿದ್ದರು. ಈ ಕಾರಿನಲ್ಲಿ ಕಂಪನಿಯವರು ಅದಕ್ಕೆ ಸೆನ್ಸರನ್ನೇ ಇಟ್ಟಿರಲಿಲ್ಲ. ಕಂಪ್ಯೂಟರಿಗೇ ಗೊತ್ತಿಲ್ಲದ್ದನ್ನು ಫೋನು ಹೇಗೆ ಹೇಳೀತು?

"ಇದಕ್ಕೇ ಅಂತ ರೆಡಿ ಮೀಟರ್ ಬರುತ್ತೆ ಭಾವ, ತರಿಸಿಕೊಡ್ತೀನಿ."

"ಮೀಟರ್ ನನ್ನ ಹತ್ರ ಇದೆ."

ಇತ್ತು. ವೇಬ್ರಿಡ್ಜಿನ ಕೋಣೆಯ ಕಪಾಟಿನ ಮೇಲೆ, ಹೊಸದು ಬಂದ ಮೇಲೆ ಮೂಲೆಗೆ ಸೇರಿದ್ದ ಹಳೆಯ ತೂಕದ ಪೆಟ್ಟಿಗೆ. ಪೆಟ್ಟಿಗೆಗೆ ಬೇಕಾದದ್ದು ತಂತಿಯಲ್ಲಿ ಬರುವ ಒಂದಿಷ್ಟು ವಿದ್ಯುತ್ತು. ಅದು ಲಾರಿಯಿಂದ ಬಂತೋ ಬೆಂಕಿಯಿಂದ ಬಂತೋ ಪೆಟ್ಟಿಗೆ ವಿಚಾರಿಸುವುದಿಲ್ಲ. ಬೇಕರಿ ಒಲೆಗಳನ್ನು ರಿಪೇರಿ ಮಾಡುವವರಿಂದ ಮಾಮ ಒಂದು ಬಿಸಿ ಅಳೆಯುವ ಕಡ್ಡಿ ತಂದರು. ಬಾಮೈದ ಎಂಜಿನ್ನಿನ ಹೊಗೆ ಕೊಳವೆಗೆ ತೂತು ಕೊರೆದು ಕಡ್ಡಿಯನ್ನು ಕೂರಿಸಿದರು. ಮೂರು ಭಾನುವಾರ ಮಾಮ ಐಸಿನ ಲೋಟ, ಕುದಿಯುವ ನೀರಿನ ಪಾತ್ರೆ ಇಟ್ಟುಕೊಂಡು ಅಂಕಿ ಹೊಂದಿಸಿದರು. ಬಾಮೈದ ತಮ್ಮ ಗ್ಯಾರೇಜಿನ ಮೀಟರಿನ ಜೊತೆ ತಾಳೆ ನೋಡಿ ಬೆರಗಾದರು. ವ್ಯತ್ಯಾಸ ಹನ್ನೆರಡೇ ಡಿಗ್ರಿ.

"ಭಾವ, ತಲೆ ಇದೆ ನಿಮಗೆ."

"ಇಪ್ಪತ್ತೆರಡು ವರ್ಷ ಕಣಯ್ಯಾ," ಎಂದರು ಭಾವ.

ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಡ್ಯಾಶ್‌ಬೋರ್ಡಿನ ಮೇಲೆ ಕೂತಿತು. ಅಂಕಿಯ ಪಕ್ಕದಲ್ಲಿ 'ಕೆಜಿ' ಎಂಬ ದೀಪ ಉರಿಯುತ್ತಿತ್ತು. ಅದನ್ನು ಆರಿಸುವುದು ಹೇಗೆಂದು ಯಾರಿಗೂ ಗೊತ್ತಾಗಲಿಲ್ಲ.

"ರೀ, ಎಂಜಿನ್ನು ಏಳುನೂರು ಕೆಜಿ ಆಯ್ತು. ಸಂಜೆ ಊಟ ಬಿಡಿಸಿ," ಎಂದರು ಹೆಂಡತಿ.

ಪೆಟ್ಟಿಗೆಯ ಜೊತೆಗೆ ಅದರ ಚೀಟಿ ಅಚ್ಚು ಹಾಕುವ ಯಂತ್ರವೂ ಬಂತು. ಹೆಂಡತಿಯ ಕೈಗವಸು, ಪಟ್ಟಿ, ಮುಲಾಮುಗಳು ಇದ್ದ ಖಾನೆಯನ್ನು ಅದು ಆಕ್ರಮಿಸಿತು. ಮುಲಾಮುಗಳು ಹಿಂದಿನ ಸೀಟಿಗೆ ಹೋದವು. ಪ್ರತಿ ಭಾನುವಾರದ ಸುತ್ತಾಟದಲ್ಲಿ ಬಿಸಿ ಏರಿದಾಗಲೆಲ್ಲ ಮಾಮ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಲ್ಲಿ ಚೀಟಿ ಹೊಡೆದರು. ತೂಕದ ಚೀಟಿಯಂತೆಯೇ ಅದರಲ್ಲಿ ಮೂರು ಸಾಲು: ಒಟ್ಟು, ಕಳೆದದ್ದು, ನಿವ್ವಳ. ಮನೆಗೆ ಬಂದು ಅವುಗಳನ್ನು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಿಂದ ಅಂಟಿಸುತ್ತಿದ್ದರು. ಕಾರು ಕ್ಷೇಮವಾಗಿದೆ ಎಂಬುದಕ್ಕೆ ಹೆಂಡತಿಗೆ ಲಿಖಿತ ಪುರಾವೆ. ಆರುನೂರ ಐವತ್ತು, ಆರುನೂರ ತೊಂಬತ್ತು, ಏಳುನೂರ ಹತ್ತು. ಎಂಟು ವಾರಗಳಲ್ಲಿ ನಲವತ್ತಮೂರು ಚೀಟಿ. ಒಂಬೈನೂರರ ಹತ್ತಿರ ಒಂದೂ ಹೋಗಿರಲಿಲ್ಲ. ಹಾಗಾಗಿ ಮಾಮ ವಾರದಿಂದ ವಾರಕ್ಕೆ ಕಾಲನ್ನು ಇನ್ನಷ್ಟು ಒತ್ತಿದರು.

ಪ್ರತಿ ಸಲ ಎಂಜಿನ್ ಶುರು ಮಾಡುವ ಮುನ್ನ ಬಲಗೈ ಹೆಬ್ಬೆರಳು ಪೆಟ್ಟಿಗೆಯ ಗುಂಡಿಗೆ ಹೋಗುತ್ತಿತ್ತು. ಸೊನ್ನೆ ಕಾಣದೆ ಹೊರಟವರಲ್ಲ ಅವರು.

ಒಂದು ಬುಧವಾರ ಹೆಂಡತಿಗೆ ಬೆಟ್ಟದ ಮೇಲಿನ ಬಡಾವಣೆಯಲ್ಲಿ ಒಂಬತ್ತು ಗಂಟೆಗೆ ಒಬ್ಬ ಪೇಷಂಟ್ ಇದ್ದರು. ನಿವೃತ್ತ ಹೆಡ್‌ಮಾಸ್ತರು. ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ಆರು ವಾರ. ಅಂದು ಮೊದಲ ಸಲ ಮನೆಯ ಮೆಟ್ಟಿಲು ಹತ್ತಿಸುವುದಿತ್ತು. ಮುದುಕರು ಮಹಾ ಹಟಮಾರಿ. ಅವರನ್ನು ಒಪ್ಪಿಸಲು ಹತ್ತು ದಿನ ಹಿಡಿದಿತ್ತು. ಮಾಮ ರಜೆ ಹಾಕಿ, ನಾನೇ ಬಿಟ್ಟು ಬರುತ್ತೇನೆ ಎಂದರು. ಕಾರಣ ಪ್ರೀತಿಯಲ್ಲ, ಬೆಟ್ಟದ ಡೇಟಾ.

ಬೆಟ್ಟದ ಬುಡದ ಪೆಟ್ರೋಲ್ ಬಂಕಿನವರೆಗೆ ಮಾಮ ಜೋರಾಗಿಯೇ ಬಂದರು. ಬಂಕಿನಲ್ಲಿ ಐದು ನಿಮಿಷ. ಪೆಟ್ರೋಲ್ ತುಂಬಿಸಿ ಸೀಟಿಗೆ ಬಂದು, ಹೆಬ್ಬೆರಳು ಒತ್ತಿ, ಸೊನ್ನೆ ನೋಡಿ, ಏರು ಹತ್ತಿದರು.

"ರೀ, ನಿಧಾನ. ಎಂಟೂಮುಕ್ಕಾಲು ಕೂಡ ಆಗಿಲ್ಲ."

"ನೋಡೇ, ಆರುನೂರ ಎಂಬತ್ತು. ಒಂಬೈನೂರಕ್ಕೆ ಇನ್ನೂ ಎಷ್ಟಿದೆ ಹೇಳು?" ಚೀಟಿ ಹೊಡೆದರು.

"ನನಗೆ ಲೆಕ್ಕ ಬೇಡ. ತಿರುವು ನೋಡಿ."

ಐದನೆಯ ತಿರುವು ದಾಟುತ್ತಿದ್ದಂತೆ ಕಾರು ಒಮ್ಮೆ ಮುಗ್ಗರಿಸಿತು. ಮತ್ತೊಮ್ಮೆ ಮುಗ್ಗರಿಸಿ, ಚಳಿ ಹಿಡಿದವರಂತೆ ಗಡಗಡ ನಡುಗಲು ಶುರುವಾಯಿತು. ಎಂಜಿನ್ನಿನ ಹಳದಿ ದೀಪ ಮಿಣುಕಿತು. ಮಾಮ ದೀಪದ ಕಡೆ ನೋಡಲಿಲ್ಲ.

"ಏನೂ ಆಗಿಲ್ಲ. ಆರುನೂರ ಐವತ್ತೈದು ಅಷ್ಟೇ."

"ಅದಕ್ಕೆ ಹೇಳಿ, ನಡುಗಬೇಡ ಅಂತ."

ಕಾರು ರಸ್ತೆ ಬದಿಗೆ ಸರಿದು ನಿಂತಿತು. ಮತ್ತೆ ಶುರುವಾಗಲಿಲ್ಲ. ಹೆಂಡತಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದು ರಸ್ತೆಗೆ ಕೈ ಅಡ್ಡ ಹಿಡಿದರು. ಬಹಳ ಹೊತ್ತಿನ ಮೇಲೆ ನೀರಿನ ಕ್ಯಾನುಗಳ ವ್ಯಾನೊಂದು ನಿಂತಿತು; ಅದು ದಾರಿಯುದ್ದಕ್ಕೂ ಕ್ಯಾನು ಇಳಿಸುತ್ತಾ ಹೋಯಿತು. ಆಕೆ ಮುಟ್ಟಿದಾಗ ಹನ್ನೊಂದು. ಎಂಟೂವರೆಯಿಂದ ಶೂ ಹಾಕಿ ಕುರ್ಚಿಯಲ್ಲಿ ಕಾದಿದ್ದ ಹೆಡ್‌ಮಾಸ್ತರು ಶೂ ಬಿಚ್ಚಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಇನ್ನು ಮೆಟ್ಟಿಲು ಬೇಡಮ್ಮ," ಎಂದರು. "ಹೊತ್ತಿಗೆ ಬರೋರ ಹತ್ರ ಕಲಿತೀನಿ."

ಕಾರನ್ನು ಬಾಮೈದನ ಗ್ಯಾರೇಜಿಗೆ ಎಳೆದು ತಂದರು. ಮರುದಿನ ಸಂಜೆ ಎಂಜಿನ್ನಿನ ಮೇಲ್ಭಾಗ ಬಿಚ್ಚಿ ಮೇಜಿನ ಮೇಲಿಟ್ಟಿತ್ತು. ಹೊಗೆ ಹೊರಬಿಡುವ ವಾಲ್ವಿನ ಅಂಚು ಕಚ್ಚಿದ ಬಿಸ್ಕತ್ತಿನಂತಾಗಿತ್ತು. ಟರ್ಬೊ ಚಕ್ರದ ರೆಕ್ಕೆಗಳ ತುದಿ ಸವೆದಿತ್ತು. ಹೆಂಡತಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು.

"ಇದು ಸಾವಿರದ ಹತ್ರ ಹೋಗಿದೆ ಭಾವ. ಒಂದು ದಿನದ ಕೆಲಸ ಅಲ್ಲ ಇದು."

"ಸಾಧ್ಯವೇ ಇಲ್ಲ. ನನ್ನ ಹತ್ರ ದಾಖಲೆ ಇದೆ." ಮಾಮ ಫ್ರಿಜ್ಜಿನ ಬಾಗಿಲಿನಿಂದ ಕಿತ್ತು ತಂದ ಚೀಟಿಗಳ ಕಟ್ಟನ್ನು ಮೇಜಿಗೆ ಬಡಿದರು. ಬೆಟ್ಟದ ಚೀಟಿ ಮೇಲೆಯೇ ಇತ್ತು. "ಓದು. ಆರುನೂರ ಎಂಬತ್ತು."

ಬಾಮೈದ ಕೈ ಒರೆಸಿಕೊಂಡು ಚೀಟಿಯನ್ನು ದೀಪದ ಕೆಳಗೆ ಹಿಡಿದರು.

"ಭಾವ, ಇಲ್ಲಿ 'ಒಟ್ಟು ಒಂಬೈನೂರ ತೊಂಬತ್ತೆರಡು' ಅಂತಿದೆ."

"ಅದಲ್ಲ. ಕೆಳಗಿನ ಸಾಲು ನೋಡು."

"'ಕಳೆದದ್ದು ಮುನ್ನೂರ ಹನ್ನೆರಡು.' ಯಾರು ಕಳೆದಿದ್ದು?"

"ಅದು ಗುಂಡಿ ಒತ್ತಿದಾಗ ಹಲಗೆ ಮೇಲೆ ಇರೋ ಕಸ..." ಎಂದು ಶುರು ಮಾಡಿದ ಮಾಮ ಅಲ್ಲಿಗೆ ನಿಲ್ಲಿಸಿದರು.

ಬಂಕಿನಲ್ಲಿ ನಿಂತಾಗ ಹೊಗೆ ಕೊಳವೆ ಆರಿರಲಿಲ್ಲ. ಕಡ್ಡಿಯ ಬಿಸಿ ಮುನ್ನೂರ ಹನ್ನೆರಡು ಡಿಗ್ರಿ ಇತ್ತು. ಮಾಮ ಅದನ್ನು ಜಲ್ಲಿಪುಡಿಯಂತೆ ಸೊನ್ನೆ ಮಾಡಿ ಹೊರಟಿದ್ದರು. ಆಮೇಲಿನ ಪ್ರತಿ ಅಂಕಿಯೂ ಮುನ್ನೂರ ಹನ್ನೆರಡು ಕಡಿಮೆ ಓದಿತ್ತು. ಬಾಮೈದ ಉಳಿದ ಚೀಟಿಗಳನ್ನೂ ಒಂದೊಂದಾಗಿ ತಿರುವಿದರು. ಬೆಳಗಿನ ಚೀಟಿಗಳಲ್ಲಿ ಕಳೆದದ್ದು ಇಪ್ಪತ್ತೈದು, ಇಪ್ಪತ್ತಾರು. ದಾರಿಯಲ್ಲಿ ಟೀ ಕುಡಿಯಲು ನಿಂತು ಹೊರಟ ಮೇಲಿನವುಗಳಲ್ಲಿ ಇನ್ನೂರ ಎಂಬತ್ತು, ಮುನ್ನೂರ ಐದು. ಎಂಟು ವಾರ ನಿಜ ಅಂಕಿ ಫ್ರಿಜ್ಜಿನ ಮೇಲೆ ಮೊದಲ ಸಾಲಿನಲ್ಲೇ ಇತ್ತು. ಆದರೆ ಮಾಮನ ಕಿಟಕಿಯ ಮುಂದೆ ಇಪ್ಪತ್ತೆರಡು ವರ್ಷ ಜಗಳವಾಡಿದವರೆಲ್ಲ ಆಡಿದ್ದು ನಿವ್ವಳದ ಸಾಲಿಗೆ. ಮೇಲಿನ ಎರಡು ಸಾಲು ಓದುವ ರೂಢಿ ಮಾಮನಿಗೆ ಬಂದಿರಲಿಲ್ಲ.

"ಪೆಟ್ಟಿಗೆ ಹಳೇದು," ಎಂದರು ಮಾಮ.

"ಪೆಟ್ಟಿಗೆ ಸರಿಯಾಗೇ ಇದೆ ಭಾವ. ಮುನ್ನೂರ ಹನ್ನೆರಡು ಬಿಟ್ಟು ಹೇಳು ಅಂದೋರು ನೀವು."

ಹೆಂಡತಿ ಸ್ಟೂಲಿನಿಂದ ಎದ್ದು ಬಂದು ಚೀಟಿಯನ್ನು ನೋಡಿದರು. "ಗುಂಡಿ ಒತ್ತಿದ್ರೆ ಬಿಸಿ ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಪೇಷಂಟ್‌ಗಳಿಗೂ ಒಂದೊಂದು ಕೂರಿಸಿಕೊಡಿ. ನೋವು ಸೊನ್ನೆ ಆದ್ರೆ ನಾನೂ ಮನೇಲಿರ್ತೀನಿ."

"ನೀನೂ ದಿನಾ ನೋಡ್ತಿದ್ದೆಯಲ್ಲ ಫ್ರಿಜ್ಜನ್ನ," ಎಂದರು ಮಾಮ.

"ನಾನು ಹಾಲಿಗೆ ತೆಗೀತಿದ್ದೆ."

ಆಕೆ ಕೈ ಚಾಚಿದರು. ಮಾಮ ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟರು. ಬಾಮೈದ ಮುಖ ಆ ಕಡೆ ತಿರುಗಿಸಿ, ಅಗತ್ಯವಿಲ್ಲದ ಸ್ಪ್ಯಾನರ್ ಒಂದನ್ನು ಹುಡುಕಿದರು.

ಎಂಜಿನ್ನಿನ ಮೇಲ್ಭಾಗ ಈಗ ಲೇತ್ ಅಂಗಡಿಯಲ್ಲಿದೆ, ಮುಂದಿನ ಶುಕ್ರವಾರ ಬರುತ್ತದೆ. ಶನಿವಾರ ಕಂಪನಿಯ ಪ್ರೋಗ್ರಾಮನ್ನೇ ವಾಪಸ್ ಹಾಕುತ್ತಾರೆ. ಅಲ್ಲಿಯವರೆಗೆ ಗ್ಯಾರೇಜಿನ ವ್ಯಾನಿನಲ್ಲಿ ಬಾಮೈದನೇ ಅಕ್ಕನನ್ನು ಬಿಟ್ಟು ಬರಬೇಕು. ಹೆಡ್‌ಮಾಸ್ತರು ಸೋಮವಾರ ಒಂಬತ್ತಕ್ಕೆ ಇನ್ನೊಂದು ಸಲ ಶೂ ಹಾಕಿಕೊಳ್ಳಲು ಒಪ್ಪಿದ್ದಾರೆ.