ಕೆಂಚಮ್ಮ ಮುಟ್ಟಿದ ತಿಗರಿ

ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸುವ ನಾತಕ್ಕೆ ಹೊರಗಿನಿಂದ ಬಂದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಅಲ್ಲಿ ಒಂದು ದಿನ ಮೂಗು ಮುಚ್ಚಿಕೊಂಡದ್ದು ನಮ್ಮವರ ನಾತಕ್ಕೆ. ಆ ದಿನ ನೆನಪಾದರೆ ಇವತ್ತಿಗೂ ಅನ್ನ ಸೇರುವುದಿಲ್ಲ. ಆಗ ನಾನು ತಿಪ್ಪಸಂದ್ರದ ಕುಂಬಾರರ ಸಂಘದಲ್ಲಿ ಗುಮಾಸ್ತ.

ಎಂಬತ್ತರ ದಶಕ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು, ಮನೆಮನೆಯಲ್ಲೂ ರೇಷ್ಮೆ ಹುಳ. ಹುಳದ ತಟ್ಟೆ ಜೋಡಿಸುವ ಸ್ಟ್ಯಾಂಡಿಗೆ ಇರುವೆ ಹತ್ತಬಾರದೆಂದು ಅದರ ನಾಲ್ಕು ಕಾಲಿನ ಕೆಳಗೂ ನೀರು ತುಂಬಿದ ಮಣ್ಣಿನ ಬಟ್ಟಲಿಡುತ್ತಿದ್ದರು. ಮಡಕೆ ಕೇಳುವವರಿಲ್ಲದೆ ಸೊರಗಿದ್ದ ನಮ್ಮ ಕೇರಿಗೆ ಈ ಬಟ್ಟಲಿನಿಂದ ಜೀವ ಬಂತು. ಎಲ್ಲರಿಗಿಂತ ಹೆಚ್ಚು ಬಟ್ಟಲು ಬರುತ್ತಿದ್ದದ್ದು ಮುನಿರಾಮಯ್ಯನ ಮನೆಯಿಂದ.

ಕೆಂಚಮ್ಮ ಈ ಮುನಿರಾಮಯ್ಯನ ಹೆಂಡತಿ. ಕೆರೆಯಿಂದ ಮಣ್ಣು ಹೊರುವುದು, ತುಳಿಯುವುದು, ಕಲ್ಲು ಆಯುವುದು, ಹದ ಮಾಡುವುದು, ಆವಿಗೆಯ ಭಟ್ಟಿಯಲ್ಲಿ ಮಡಕೆ ಜೋಡಿಸಿ ಸುಡುವುದು, ಎಲ್ಲ ಅವಳದೇ. ತಿಗರಿ, ಅಂದರೆ ಮಡಕೆ ಮಾಡುವ ಚಕ್ರ, ಅದೊಂದನ್ನು ಮಾತ್ರ ಅವಳು ಮುಟ್ಟುವ ಹಾಗಿಲ್ಲ. ಹೆಂಗಸು ಮುಟ್ಟಿದರೆ ತಿಗರಿಗೆ ಮೈಲಿಗೆಯಂತೆ. ಅವಳು ಕಾಲಲ್ಲಿ ತುಳಿದ ಮಣ್ಣಿಗೆ ಇಲ್ಲದ ಮೈಲಿಗೆ ಚಕ್ರಕ್ಕೆ ಹೇಗೆ ಹತ್ತುತ್ತದೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೋಲು ಹಾಕಿ ಕಲ್ಲಿನ ತಿಗರಿ ತಿರುಗಿಸಿ ತಿರುಗಿಸಿ ಮುನಿರಾಮಯ್ಯನ ಬಲಭುಜ ಕೆಟ್ಟುಹೋಗಿತ್ತು. ಇನ್ನು ಕೋಲು ಹಿಡಿದರೆ ಆ ಕೈಯ ಆಸೆ ಬಿಡಬೇಕು ಎಂದು ಮಾಗಡಿಯ ಡಾಕ್ಟರು ಹೇಳಿಬಿಟ್ಟಿದ್ದರು. ಅದೇ ಹೊತ್ತಿಗೆ ಸರ್ಕಾರದಿಂದ ಸಂಘಕ್ಕೆ ಒಂದು ಕರೆಂಟಿನ ತಿಗರಿ ಮಂಜೂರಾಯಿತು. ನಾವೇ ಆರಿಸಿಕೊಳ್ಳಬಹುದು, ಆದರೆ ಒಂದೇ ಒಂದು. ಅದನ್ನು ಮುನಿರಾಮಯ್ಯನಿಗೇ ಕೊಡುವುದೆಂದು ತೀರ್ಮಾನವಾಯಿತು. ಬಹುಕಾಲ ಬಾಳುವಂಥದ್ದು ಸಿಕ್ಕರೆ ಆ ಮನೆ ಉಳಿಯುತ್ತಿತ್ತು.

ರಾಮನಗರದ ಒಂದು ಅಂಗಳದಲ್ಲಿ ಮಾರುವವರು ತಿಗರಿಗಳನ್ನು ತಂದಿಟ್ಟಿದ್ದರು. ಸಂಘದ ಅಧ್ಯಕ್ಷ ಮುನಿಶಾಮಯ್ಯ, ಅವನ ತಮ್ಮ ಮುನಿರಾಮಯ್ಯ, ನಾನು ಮೂವರೂ ಹೋದೆವು. ಬುತ್ತಿ ಹೊತ್ತುಕೊಂಡು ಕೆಂಚಮ್ಮ ಹಿಂದೆ ಬಂದಳು.

ಬೆಂಗಳೂರಿನ ವ್ಯಾಪಾರಿಯ ತಿಗರಿಗೆ ಫಳಫಳ ಹೊಳೆಯುವ ಹಸಿರು ಬಣ್ಣ. ಅವನು ಅದರ ನಡುವೆ ಟೀ ತುಂಬಿದ ಗ್ಲಾಸಿಟ್ಟು ಸ್ವಿಚ್ಚು ಹಾಕಿದ. ಒಂದು ಹನಿಯೂ ತುಳುಕಲಿಲ್ಲ. ಮುನಿಶಾಮಯ್ಯ ಬಾಯಿ ಬಿಟ್ಟುಕೊಂಡು ನೋಡಿದ. ಪಕ್ಕದಲ್ಲಿ ನೂಲು ತೆಗೆಯುವ ಮಿಷನ್ನು ರಿಪೇರಿ ಮಾಡುವ ಶುಕೂರ್ ತಾನೇ ಕಟ್ಟಿದ್ದ ತಿಗರಿ ಇತ್ತು. ದಪ್ಪ ಕಬ್ಬಿಣ, ಬಣ್ಣವಿಲ್ಲ, ಎಮ್ಮೆಯ ಹಾಗೆ ಕೂತಿತ್ತು.

"ಮಣ್ಣಿಟ್ಟು ನೋಡಿ ಅಣ್ಣ, ಆಮೇಲೆ ತಗೊಳ್ಳಿ" ಎಂದ ಶುಕೂರ್.

ಅಲ್ಲೇ ಇತ್ತು ತೊಡಕು. ಪೂಜೆಯಾಗದ ತಿಗರಿಗೆ ನಮ್ಮವರು ಮಣ್ಣು ಮುಟ್ಟಿಸುವುದಿಲ್ಲ. ಪೂಜೆ ಮಾಡಿದರೆ ಅದು ನಮ್ಮದಾದಂತೆ, ವಾಪಸು ಕೊಡುವ ಹಾಗಿಲ್ಲ. ಹಾಗಾಗಿ ಮಣ್ಣು ಎತ್ತಬೇಕಾದ ಯಂತ್ರವನ್ನು ಟೀ ಗ್ಲಾಸಿನಲ್ಲಿ ಪರೀಕ್ಷೆ ಮಾಡಿ ಗಂಡಸರು ತಲೆಯಾಡಿಸುತ್ತಿದ್ದರು.

ಕೆಂಚಮ್ಮ ಬುತ್ತಿಯ ಚೀಲದಿಂದ ಒದ್ದೆ ಗೋಣಿ ತೆಗೆದಳು. ಒಳಗೆ ಮಗುವಿನ ತಲೆಯಷ್ಟು ದೊಡ್ಡ ಮಣ್ಣಿನ ಮುದ್ದೆ. ನಾವು ನೋಡನೋಡುತ್ತಿದ್ದಂತೆ ಅದನ್ನು ಹಸಿರು ತಿಗರಿಯ ಮೇಲೆ ಒಗೆದು ಎರಡೂ ಕೈಯಲ್ಲಿ ಒತ್ತಿದಳು. ಚಕ್ರ ಗುಂಯ್ ಎಂದು ನಿಂತೇಹೋಯಿತು, ಸುಟ್ಟ ವಾಸನೆ ಬಂತು. ಮುದ್ದೆ ಕಿತ್ತು ಶುಕೂರನ ತಿಗರಿಗೆ ಹಾಕಿದಳು. ಎಷ್ಟು ಒತ್ತಿದರೂ ಅದು ನಿಲ್ಲಲಿಲ್ಲ. ಮುದ್ದೆಯ ತುದಿಯಿಂದ ಒಂದು ಬಟ್ಟಲು ಎಳೆದು ದಾರದಲ್ಲಿ ಕತ್ತರಿಸಿ ನೆಲಕ್ಕಿಟ್ಟಳು.

ಆ ಬಟ್ಟಲಿನ ಅಂಚು ನೋಡಿ ನನಗೆ ದಿಗಿಲಾಯಿತು. ಆರು ತಿಂಗಳಿಂದ ಮುನಿರಾಮಯ್ಯನ ಮನೆಯಿಂದ ಸಂಘಕ್ಕೆ ಬರುತ್ತಿದ್ದ ಬಟ್ಟಲುಗಳ ಅಂಚೇ ಅದು, ಕದ್ದು ತಿಗರಿ ಹಿಡಿದಿದ್ದವಳು ಇವಳೇ. ಮುನಿರಾಮಯ್ಯ ತಲೆ ತಗ್ಗಿಸಿದ.

ಮುನಿಶಾಮಯ್ಯ ಬಟ್ಟಲನ್ನು ಚಪ್ಪಲಿ ಕಾಲಲ್ಲಿ ಹೊಸಕಿಹಾಕಿದ. ಎರಡು ತಿಗರಿಯೂ ಕೆಟ್ಟವು, ಹೆಂಗಸು ಮುಟ್ಟಿದ್ದನ್ನು ಕುಲದವರು ಹೇಗೆ ಮುಟ್ಟುವುದು ಎಂದು ಕೂಗಾಡಿದ. ಚಾಲಾಕಿ ವ್ಯಾಪಾರಿ ಮೆಲ್ಲಗೆ, ಇದೇ ಹಸಿರಿನದು ಇನ್ನೊಂದು ಪೆಟ್ಟಿಗೆಯಲ್ಲಿದೆ, ಯಾರ ಕೈಯೂ ಸೋಕಿಲ್ಲ ಎಂದ. ಅದೇ ಮೋಟರು, ಅದೇ ಚಕ್ರ. ಕಣ್ಣೆದುರು ನಿಂತುಹೋದದ್ದರ ಒಡಹುಟ್ಟಿದ್ದನ್ನೇ ನಮ್ಮ ಅಧ್ಯಕ್ಷ ಆರಿಸಿಕೊಂಡ. ಕಾಗದಕ್ಕೆ ರುಜು ಹಾಕಿದವನು ನಾನು. ಥೂ ನನ್ನ ಜನ್ಮಕ್ಕೆ.

ಅರಿಸಿನ ಕುಂಕುಮವಿಟ್ಟು ಪೂಜೆ ಮಾಡಿದ ಆ ತಿಗರಿ ಒಂಬತ್ತು ದಿನ ಬಾಳಿತು. ಮೋಟರು ಸುಟ್ಟಾಗ ಮುನಿಶಾಮಯ್ಯ, ಕೆಂಚಮ್ಮನ ಕಣ್ಣು ಬಿದ್ದದ್ದೇ ಕಾರಣ ಎಂದ. ಹುಳದ ಬೆಳೆ ಹತ್ತಿರವಾಗಿತ್ತು, ಬಟ್ಟಲು ಕೇಳುವವರು ದಿನಾ ಬಂದು ನಿಲ್ಲುತ್ತಿದ್ದರು. ಮೋಟರು ಸುಟ್ಟ ಮೂರನೆಯ ದಿನ ಅದೇ ಮುನಿಶಾಮಯ್ಯ ತಮ್ಮನ ಹಿತ್ತಲಿಗೆ ಹೋಗಿ ನಿಂತ. ನನ್ನನ್ನೂ ಕರೆದೊಯ್ದಿದ್ದ.

"ಬಾಗ್ಲಾಕ್ಕೊಂಡು ನೀನೇ ಮಾಡ್ಬುಡು ಕೆಂಚಮ್ಮ. ಯಾರ್ಗೂ ಗೊತ್ತಾಗಾಕಿಲ್ಲ."

"ಬಾಗ್ಲು ತಗ್ದೇ ಮಾಡ್ತೀನಿ ಭಾವ. ಬಟ್ಲು ಬೇಕಾದೋರು ನೋಡ್ಕೊಂಡೇ ತಗೊಂಡೋಗ್ಲಿ" ಎಂದಳು ಕೆಂಚಮ್ಮ.

ಕಲ್ಲಿನ ತಿಗರಿಯನ್ನು ಬಾಗಿಲಿಗೆ ಎಳೆಸಿ, ಬೀದಿಗೆ ಮುಖ ಮಾಡಿ ಕೋಲು ಹಾಕಿದಳು. ಕೇರಿಯವರು ಕಂಡೂ ಕಾಣದ ಹಾಗೆ ಓಡಾಡಿದರು. ಆವಿಗೆ ಬಿಚ್ಚಿದ ದಿನ ಮೊದಲು ಬಂದವನು ಮುನಿಶಾಮಯ್ಯ. ತನ್ನ ಮನೆಯ ಹುಳಕ್ಕೆಂದು ಒಂದೊಂದೇ ಬಟ್ಟಲನ್ನು ಬೆರಳಲ್ಲಿ ತಟ್ಟಿ ನೋಡಿ, ಒಳ್ಳೆಯವನ್ನೇ ಗಾಡಿಗೆ ತುಂಬಿಕೊಂಡ. ಆಗ ಅವನಿಗೆ ಯಾವ ಮೈಲಿಗೆಯೂ ಹತ್ತಲಿಲ್ಲ.

ಮೂರು ವರ್ಷ ಹಾಗೆಯೇ ಕೋಲು ಹಾಕಿ ಕೆಂಚಮ್ಮನ ಭುಜವೂ ಹೋಯಿತು. ತುರುಬು ಕಟ್ಟಿಕೊಳ್ಳಲು ಕೈ ಮೇಲಕ್ಕೇಳದು, ಪಕ್ಕದ ಮನೆಯವರು ಕಟ್ಟಬೇಕು. ಶುಕೂರನ ತಿಗರಿಯನ್ನು ರಾಮನಗರದ ಅಂಗಳದಿಂದ ಅವತ್ತೇ ಕನಕಪುರದ ಕಡೆಯ ಕುಂಬಾರರು ಒಯ್ದಿದ್ದರು. ಹೋದ ತಿಂಗಳು ಅತ್ತ ಹೋದಾಗ ನೋಡಿ ಬಂದೆ. ಬೆಲ್ಟು ಒಂದು ಬದಲಾಗಿದೆ ಅಷ್ಟೆ, ಇನ್ನೂ ತಿರುಗುತ್ತಿದೆ.